ಒಗಟಿನ ಸೀಮೆಯಲ್ಲಿ ಮಕ್ಕಳ ಕವಿತೆ

ಮಕ್ಕಳ ಕವಿತೆಯ ವಿಷಯ ಬಂದರೆ ನಮ್ಮ ವಿಮರ್ಶೆ ‘ಪ್ರಾಸ ಚೆನ್ನಾಗಿದೆ, ನೀತಿಯೂ ಇದೆ’ ಎಂದು ಎರಡು ಮಾತಾಡಿ ಮುಗಿಸುತ್ತದೆ. ನೀತಿ ಎಂಬ ಔಷಧಕ್ಕೆ ಪ್ರಾಸ, ಲಯ, ರೂಪಕಗಳೆಲ್ಲ ಮೇಲೆ ಸವರಿದ ಬೆಲ್ಲ ಎಂಬ ಭಾವನೆ ಇದರ ಹಿಂದಿದೆ. ಒಳ್ಳೆಯ ಮಕ್ಕಳ ಕವಿತೆಯನ್ನು ಬಿಡಿಸಿ ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ.

ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ಯನ್ನೇ ನೋಡಿ. ಹುಡುಗ ಮೊದಲು ಸಪ್ತಸ್ವರಗಳನ್ನು ಏರಿಸಿ ಇಳಿಸಿ ಊದುತ್ತಾನೆ. ತುತ್ತೂರಿ ನೀರಿಗೆ ಬಿದ್ದು ಅದರ ಗಂಟಲು ಕಟ್ಟಿದ ಮೇಲೆ ಹೊರಡುವುದು ಒಂದೇ ಅಕ್ಷರದ ತೊದಲು. ಸೊಕ್ಕು ಇಳಿದ ಸಂಗತಿ ಕಿವಿಗೇ ಕೇಳುತ್ತದೆ, ಯಾರೂ ವಿವರಿಸಬೇಕಿಲ್ಲ. ನಡುವೆ ಅವನು ಜಂಬದ ಕೋಳಿಯ ಹಾಗೆ ನಡೆಯುತ್ತಾನೆ, ಅದು ಉಪಮೆ. ಕೊನೆಗೆ ಆ ಹೋಲಿಕೆಯ ಪದ ಬಿದ್ದುಹೋಗಿ ಅವನೇ ಕೋಳಿಯಾಗುತ್ತಾನೆ, ಅದು ರೂಪಕ. ಉಪಮೆ ರೂಪಕವಾದ ಆ ಜಾಗದಲ್ಲೇ ಕವಿತೆಯ ತೀರ್ಪು ಇದೆ.

ಯಾದಗಿರಿ, ಶಹಾಪುರ, ಸುರಪುರದ ಸೀಮೆಗೆ ಇಂಥ ಕಲೆ ಹೊಸದೇನಲ್ಲ. ಅರ್ಥವನ್ನು ಬಚ್ಚಿಟ್ಟು ಹೇಳುವುದು ಇಲ್ಲಿನ ಹಳೆಯ ರೂಢಿ. ಕೊಡೇಕಲ್ ಬಸವಣ್ಣನ ಕಾಲಜ್ಞಾನ, ತತ್ವಪದಕಾರರ ಬೆಡಗು, ಮದುವೆಮನೆಯಲ್ಲಿ ಗಂಡನ ಹೆಸರನ್ನು ಸುತ್ತಿ ಬಳಸಿ ಹೇಳುವ ಒಡಪು, ಮಕ್ಕಳು ಬಿಡಿಸುವ ಒಗಟು, ಮೊಹರಮ್ಮಿನ ರಿವಾಯತ್ ಪದಗಳು, ಎಲ್ಲವೂ ಕೇಳುವವನಿಗೆ ಕೆಲಸ ಕೊಡುತ್ತವೆ. ನಿಜಾಮರ ಕಾಲದಲ್ಲಿ ಸರ್ಕಾರಿ ಶಾಲೆಯ ಕಲಿಕೆ ಹೆಚ್ಚಾಗಿ ಉರ್ದುವಿನಲ್ಲಿತ್ತು. ಆಗಲೂ ಮನೆ, ಹೊಲ, ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ಮಕ್ಕಳ ಕಿವಿಗೆ ಬಿದ್ದದ್ದು ಈ ಕನ್ನಡ.

1956ರ ಏಕೀಕರಣದ ನಂತರ ಕನ್ನಡ ಶಾಲೆ ಬಲಗೊಂಡಿತು, ಅದರ ಜೊತೆ ಶಾಲೆಯ ಪದ್ಯವೂ ಬಂತು. ಪಂಜೆ ಮಂಗೇಶರಾಯರಿಂದ ನೆರೆಯ ವಿಜಯಪುರದ ಶಂ.ಗು. ಬಿರಾದಾರ, ಶಿಶು ಸಂಗಮೇಶರವರೆಗೆ ನಮ್ಮ ಶಿಶುಸಾಹಿತ್ಯವನ್ನು ಬೆಳೆಸಿದವರಲ್ಲಿ ಶಿಕ್ಷಕರೇ ಮುಂದು. ಹಾಡಿದರೆ ನಾಲಗೆಯಲ್ಲಿ ನಿಲ್ಲುವ ಲಯ ಈ ಪರಂಪರೆಯ ದೊಡ್ಡ ಗಳಿಕೆ. ಅದನ್ನು ಅನುಕರಿಸಿದವರು ಕೊನೆಯ ನುಡಿಯಲ್ಲಿ ಬೆರಳೆತ್ತುವ ಮೇಷ್ಟ್ರನ್ನು ಮಾತ್ರ ಬಿಡದೆ ಉಳಿಸಿಕೊಂಡರು. ಒಗಟು ಅರ್ಥವನ್ನು ಮಗುವಿನ ಕೈಗೆ ಬಿಟ್ಟರೆ, ಇವರ ಪದ್ಯ ಅದನ್ನು ಕಸಿದುಕೊಂಡು ತಾನೇ ಹೇಳುತ್ತದೆ.

ಇನ್ನೊಂದು ನಷ್ಟ ಆಡುಮಾತಿನದು. ಮಾದರಿಗೆಂದು ಈ ಲೇಖನಕ್ಕಾಗಿಯೇ ಕಟ್ಟಿದ ಎರಡು ಸಾಲು ಇಲ್ಲಿವೆ:

ಹಳ್ಳದ ದಂಡಿಗಿ ನಿಂತಾನ
ಧ್ಯಾನದೊಳಗ ಮೀನ್ ತಿಂತಾನ

ಕೊಕ್ಕರೆಯ ಹೆಸರಿಲ್ಲ, ಮಗು ಕಂಡುಹಿಡಿಯಬೇಕು. ‘ನಿಂತಾನ’, ‘ತಿಂತಾನ’ ಎರಡಕ್ಕೂ ಐದೈದು ಮಾತ್ರೆ, ಒಂದಕ್ಷರ ಬಿಟ್ಟರೆ ಎರಡೂ ಒಂದೇ. ತಪಸ್ಸಿಗೂ ಊಟಕ್ಕೂ ಅಷ್ಟೇ ಅಂತರ ಎಂಬ ಕುಹಕ ಆ ಪ್ರಾಸದಲ್ಲಿದೆ. ಇದನ್ನೇ ‘ನಿಂತಿದ್ದಾನೆ’, ‘ತಿನ್ನುತ್ತಾನೆ’ ಎಂದು ಗ್ರಂಥಸ್ಥ ಮಾಡಿದರೆ ಮಾತ್ರೆ ಏಳಕ್ಕೇರಿ ನಡೆ ಭಾರವಾಗುತ್ತದೆ, ಪ್ರಾಸ ಸಡಿಲವಾಗಿ ಕುಹಕವೂ ಹೋಗುತ್ತದೆ. ಕೆಳಗೆ ‘ಕಪಟಿಗಳನ್ನು ನಂಬಬೇಡಿ’ ಎಂಬ ನುಡಿ ಸೇರಿಸಿದರಂತೂ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ.

ಈ ನೆಲದ ಬರಹಕ್ಕೆ ದೇಶದ ಮನ್ನಣೆ ಸಿಕ್ಕಿಲ್ಲವೆಂದಲ್ಲ. ಶಹಾಪುರದ ಚಂದ್ರಕಾಂತ ಕರದಳ್ಳಿ ಅವರ ‘ಕಾಡು ಕನಸಿನ ಬೀದಿಗೆ’ ಕೃತಿಗೆ 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅದು ಕಾದಂಬರಿ. ಆದರೂ ಆ ಹೆಸರಿನ ಕಕಾರದ ಅನುಪ್ರಾಸವನ್ನೂ, ಕನಸಿಗೊಂದು ಬೀದಿ ಕಟ್ಟಿದ ರೂಪಕವನ್ನೂ ಗಮನಿಸಿ. ಹೆಸರೇ ಎಲ್ಲವನ್ನೂ ಹೇಳಿಬಿಡುವುದಿಲ್ಲ, ಒಳಗೆ ಬಾ ಎಂದು ಕರೆಯುತ್ತದೆ.

ಎಲ್ಲ ಮಕ್ಕಳ ಪದ್ಯವೂ ‘ಅದ’, ‘ಬರ್ತಾನ’ ಎಂದೇ ಇರಬೇಕೆಂಬ ಹಟ ಬೇಡ. ಬೀದರಿನಿಂದ ಚಾಮರಾಜನಗರದವರೆಗೆ ಓದಿಸುವ ಪುಸ್ತಕಕ್ಕೆ ಎಲ್ಲರ ಕನ್ನಡವೂ ಬೇಕು. ಆದರೆ ಆಡುಮಾತನ್ನು ತಿದ್ದಬೇಕಾದ ತಪ್ಪೆಂದು ಕಾಣುವ ಕವಿಗೆ ತನ್ನ ಊರಿನ ಲಯ ದಕ್ಕುವುದಿಲ್ಲ.

ನನ್ನ ತೀರ್ಮಾನ ಇಷ್ಟು: ನಮ್ಮ ಶಿಶುಕಾವ್ಯ ಲಯದಲ್ಲಿ ಗೆದ್ದಿದೆ, ಮಗುವಿನ ಬುದ್ಧಿಯನ್ನು ನಂಬುವುದರಲ್ಲಿ ಸೋತಿದೆ. ಈ ಭಾಗದಲ್ಲಿ ಮಕ್ಕಳಿಗಾಗಿ ಬರೆಯುವವರು ಮುಂದಿನ ಪದ್ಯ ಬರೆದಾದ ಮೇಲೆ ಅದರ ಕೊನೆಯ ನುಡಿಯನ್ನು ಒಮ್ಮೆ ಹೊಡೆದುಹಾಕಿ ಓದಲಿ. ಪದ್ಯ ಆಗಲೂ ನಿಂತರೆ, ಆ ನುಡಿ ಬೇಕಿರಲಿಲ್ಲವೆಂದೇ ಅರ್ಥ.