ಲೆಕ್ಕದ ಪುಸ್ತಕದಲ್ಲಿ ತೋಟಕ್ಕೆ ಜಾಗವೆಲ್ಲಿ?

ಕನ್ನಡದಲ್ಲಿ ‘ತೋಟ’ ಎಂದೊಡನೆ ಮಲೆನಾಡಿನವರಿಗೆ ಅಡಿಕೆ, ಕೊಡಗಿನವರಿಗೆ ಕಾಫಿ, ನಮ್ಮ ತುಮಕೂರು ಸೀಮೆಯವರಿಗೆ ತೆಂಗು ನೆನಪಾಗುತ್ತದೆ. ಅದು ದುಡಿಮೆಯ ನೆಲ. ಅಲ್ಲಿ ಹುಟ್ಟುವಳಿಯ ಲೆಕ್ಕ ಉಂಟು, ಸಾಲದ ಲೆಕ್ಕವೂ ಉಂಟು. ಮನೆಯ ಹಿಂದಿನ ಹಿತ್ತಲು ಬೇರೆಯದೇ ಮಾತು. ಅಲ್ಲಿರುವುದು ಕರಿಬೇವು, ನುಗ್ಗೆ, ಬಸಳೆ, ಪಾತ್ರೆ ತೊಳೆದ ನೀರು ಕುಡಿದು ಬೆಳೆದ ಬಾಳೆ. ಕರಾವಳಿಯ ನಾಗಬನದಲ್ಲಿ ಕತ್ತಿ ಆಡಿಸುವಂತಿಲ್ಲ. ಹಳೆಯ ಕಾವ್ಯಗಳ ಅರಸುಮಕ್ಕಳು ವಿಹರಿಸುವುದು ಉಪವನದಲ್ಲಿ. ಪಾರಸಿಯಿಂದ ಬಂದ ‘ಬಾಗ್’ ಲಾಲ್‌ಬಾಗಿನ ಹೆಸರಿನಲ್ಲಿ ಉಳಿದುಕೊಂಡಿದೆ. ಇಂಗ್ಲಿಷಿನ ‘ಗಾರ್ಡನ್’ ಇವುಗಳಲ್ಲಿ ಹೆಚ್ಚಿನದನ್ನು ಒಂದೇ ಪದದಲ್ಲಿ ತುಂಬಿಕೊಳ್ಳುತ್ತದೆ. ಆ ಪದದ ಬೇರಿನಲ್ಲಿರುವ ಅರ್ಥ ಆವರಣ, ಬೇಲಿ ಹಾಕಿದ ಜಾಗ. ಸ್ವರ್ಗಕ್ಕೆ ಅವರು ಹೇಳುವ ‘ಪ್ಯಾರಡೈಸ್’ ಕೂಡ ಪ್ರಾಚೀನ ಇರಾನಿನ ಮಾತಿನಿಂದ ಬಂದದ್ದೇ; ಸುತ್ತ ಗೋಡೆಯಿರುವ ತಾಣ ಎಂಬುದು ಅದರ ಮೂಲಾರ್ಥ.

ಹೀಗೆ ಪದಗಳು ಬೇರೆಯಾದಾಗ ಉದ್ದೇಶಗಳೂ ಬೇರೆಯಾಗಿ ಕಾಣುತ್ತವೆ. ಪದ ಒಂದೇ ಆದಾಗ ಉದ್ದೇಶಗಳು ಒಂದರ ಹಿಂದೊಂದು ಅಡಗಿಕೊಳ್ಳುತ್ತವೆ. ‘ತೋಟ ಯಾತಕ್ಕೆ?’ ಎಂದು ಕೇಳಿದರೆ ಇಂದು ಸಿಗುವ ಉತ್ತರಗಳು ಸಿದ್ಧವಾಗಿಯೇ ಇವೆ: ಮನಸ್ಸಿಗೆ ನೆಮ್ಮದಿ, ಒಳ್ಳೆಯ ಗಾಳಿ, ಪರಿಸರ. ಇವು ಸುಳ್ಳಲ್ಲ. ಆದರೆ ಯಾವ ತೋಟ, ಯಾರ ತೋಟ, ಅದನ್ನು ಮಾಡಿದವರು ಏನು ಬಯಸಿದ್ದರು ಎಂದು ಕೇಳದೆ ಕೊಡುವ ಉತ್ತರಗಳು. ರಾಮಾಯಣದ ಅಶೋಕವನವೂ ಒಂದು ತೋಟವೇ. ಶೋಕವಿಲ್ಲದ್ದು ಎಂಬ ಹೆಸರಿನ ಆ ವನ ಸೀತೆಗೆ ಸೆರೆಮನೆಯಾಗಿತ್ತು. ತೋಟದ ಅಂದಕ್ಕೂ ಅದರ ಉದ್ದೇಶಕ್ಕೂ ನಂಟು ಇರಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ನಾನು ಸಿಂಗಪುರದಲ್ಲಿ ಲೆಕ್ಕ ಬರೆದು ಬದುಕುವವನು. ಹಾಗಾಗಿ ನನ್ನ ವೃತ್ತಿ ಗಿಡಮರಗಳನ್ನು ಹೇಗೆ ನೋಡುತ್ತದೆ ಎಂಬಲ್ಲಿಂದ ಶುರು ಮಾಡುತ್ತೇನೆ. ಕೃಷಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 41ರ ಪ್ರಕಾರ, ರಬ್ಬರ್, ಎಣ್ಣೆತಾಳೆಯಂಥ ಮರಗಳನ್ನು ಮೊದಲು ಪ್ರತಿ ವರ್ಷವೂ ಮಾರುಕಟ್ಟೆಯ ನ್ಯಾಯಬೆಲೆಗೆ ಕಟ್ಟಬೇಕಾಗಿತ್ತು. ಮಾರಲೆಂದು ಬೆಳೆಸದ ಮರಕ್ಕೆ ಮಾರುವ ಬೆಲೆ ಎಲ್ಲಿಂದ ತರುವುದು ಎಂಬ ಆಕ್ಷೇಪ ಬಂತು. 2014ರಲ್ಲಿ ತಿದ್ದುಪಡಿಯಾಯಿತು, 2016ರ ಜನವರಿ 1ರಿಂದ ಜಾರಿಗೆ ಬಂತು. ಒಂದಕ್ಕಿಂತ ಹೆಚ್ಚು ಅವಧಿಗೆ ಫಸಲು ಕೊಡುವ, ಕೊನೆಗೆ ಗುಜರಿಯಾಗಿ ಹೊರತು ಮಾರಾಟವಾಗದ ಗಿಡಮರಗಳು ಅಂದಿನಿಂದ ಲೆಕ್ಕದಲ್ಲಿ ಯಂತ್ರಗಳ ಸಾಲಿಗೆ ಸೇರಿದವು. ಕೊಂಡ ವೆಚ್ಚ ಇಷ್ಟು, ಆಯುಷ್ಯ ಇಷ್ಟು ವರ್ಷ, ಸವಕಳಿ ಇಷ್ಟು. ಮರದ ಮೇಲಿನ ಫಸಲಿಗೆ ಮಾತ್ರ ಹಳೆಯ ನಿಯಮ. ಇದು ವ್ಯವಹಾರದ ದೃಷ್ಟಿಯಿಂದ ವಿವೇಕದ ತಿದ್ದುಪಡಿಯೇ. ನನ್ನ ಗಮನ ಇರುವುದು ಈ ಮಾನದಂಡ ಹೊರಗಿಟ್ಟಿರುವುದರ ಮೇಲೆ. ಮಾರಾಟಕ್ಕೂ ಅಲ್ಲದ, ಫಸಲಿಗೂ ಅಲ್ಲದ ಮರ ಅದರ ವ್ಯಾಪ್ತಿಗೇ ಬರುವುದಿಲ್ಲ. ನೆರಳಿಗೆಂದು, ನೋಡಲೆಂದು, ಸುಮ್ಮನೆ ಇರಲೆಂದು ನೆಟ್ಟ ಮರ ಕೃಷಿಯಲ್ಲ. ನಾವು ತೋಟ ಎನ್ನುವುದರ ಬಹುಭಾಗ ಈ ‘ವ್ಯಾಪ್ತಿಗೆ ಹೊರತಾದ’ ಜಾಗದಲ್ಲಿಯೇ ಇದೆ.

ಆದರೆ ಲೆಕ್ಕದಿಂದ ಹೊರಗಿರುವಂತೆ ಕಾಣುವ ತೋಟಗಳೆಲ್ಲ ನಿಜವಾಗಿಯೂ ಹೊರಗಿದ್ದವೆ? ಸಿಂಗಪುರ ಬೊಟಾನಿಕ್ ಗಾರ್ಡನ್ಸನ್ನು ನೋಡೋಣ. ಈಗಿನ ಜಾಗದಲ್ಲಿ ಅದು ಶುರುವಾದದ್ದು 1859ರಲ್ಲಿ. 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿನ ಕನ್ನಡದ ಕುಟುಂಬಗಳು ಭಾನುವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ ಹುಲ್ಲಿನ ಮೇಲೆ ಹಾಸಿಕೊಂಡು ಕೂರುವ ಜಾಗ ಅದು. ಆದರೆ ಇದಕ್ಕೂ ಹಿಂದೆ, 1822ರಲ್ಲಿ ರಾಫಲ್ಸ್ ಮಾಡಿಸಿದ ಮೊದಲ ತೋಟದ ಗುರಿ ಜಾಯಿಕಾಯಿ ಮತ್ತು ಲವಂಗವಾಗಿತ್ತು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಮೊಳೆತದ್ದು ಅವುಗಳಲ್ಲಿ ಸಣ್ಣ ಪಾಲು. 1877ರಲ್ಲಿ 22 ಸಸಿಗಳು ಸಿಂಗಪುರಕ್ಕೆ ಬಂದವು. 1888ರಲ್ಲಿ ತೋಟದ ನಿರ್ದೇಶಕನಾಗಿ ಬಂದ ಹೆನ್ರಿ ರಿಡ್ಲಿ, ಮರ ಸಾಯದಂತೆ ದಿನದಿನವೂ ತೊಗಟೆ ಸೀಳಿ ಹಾಲು ತೆಗೆಯುವ ಕ್ರಮವನ್ನು ರೂಪಿಸಿದ. ಬೀಜಗಳನ್ನು ಜೇಬಿನಲ್ಲಿಟ್ಟುಕೊಂಡು ಪ್ಲಾಂಟರುಗಳ ಬೆನ್ನು ಹತ್ತಿದ್ದರಿಂದ ಅವನಿಗೆ ‘ಹುಚ್ಚು ರಿಡ್ಲಿ’ ಎಂಬ ಅಡ್ಡಹೆಸರೇ ಬಿತ್ತು. ಕೆಲವೇ ದಶಕಗಳಲ್ಲಿ ಬ್ರೆಜಿಲಿನ ರಬ್ಬರ್ ವ್ಯಾಪಾರ ಕುಸಿಯಿತು, ಮಲಯ ರಬ್ಬರಿನ ನಾಡಾಯಿತು. ಆ ತೋಟಗಳಲ್ಲಿ ಬೆಳಗಿನ ಜಾವ ಎದ್ದು ಹಾಲು ಇಳಿಸಿದವರಲ್ಲಿ ತಮಿಳು ನಾಡಿನಿಂದ ಹಡಗು ಹತ್ತಿ ಬಂದ ಕೂಲಿಗಳು ಬಹಳ ಮಂದಿ.

ಅಂದರೆ, ಇಂದು ನಾವು ವಿಶ್ರಾಂತಿಯ ತಾಣ ಎಂದುಕೊಂಡಿರುವುದು ಒಂದು ಕಾಲಕ್ಕೆ ಸಾಮ್ರಾಜ್ಯದ ಪ್ರಯೋಗಾಲಯವಾಗಿತ್ತು. ಲೆಕ್ಕ ಇತ್ತು, ಆದರೆ ಅದು ತೋಟದ ಒಳಗಿನ ಪುಸ್ತಕದಲ್ಲಿ ಇರಲಿಲ್ಲ. ಸಾವಿರಾರು ಎಕರೆ ಆಚೆಯ ಎಸ್ಟೇಟುಗಳ ಪುಸ್ತಕದಲ್ಲಿತ್ತು. ಹಾಗೆಂದು ಆ ತೋಟವನ್ನು ಕೇವಲ ಶೋಷಣೆಯ ಸಾಧನ ಎಂದು ತಳ್ಳಿಹಾಕುವುದೂ ಸರಿಯಲ್ಲ. ತೋಟ ತನ್ನನ್ನು ಮಾಡಿದವರ ಉದ್ದೇಶಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ರಬ್ಬರಿನ ಕೆಲಸ ಮುಗಿದ ಮೇಲೆಯೂ ನೆರಳು ಉಳಿದುಕೊಂಡಿತು.

ನಮ್ಮ ಲಾಲ್‌ಬಾಗಿನದೂ ಇದೇ ಬಗೆಯ ಕಥೆ. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ಅರಸೊತ್ತಿಗೆಯ ತೋಟ ಅದು. ಟಿಪ್ಪು ಹೊರದೇಶಗಳಿಂದ ಗಿಡಗಳನ್ನು ತರಿಸಿದ. ಆಮೇಲೆ ಕಂಪನಿಯವರ ಕೈಗೆ ಹೋಗಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಕ್ಯೂ ತೋಟದಲ್ಲಿ ಪಳಗಿದ ಜಾನ್ ಕ್ಯಾಮರಾನ್, ಅವರ ನಂತರ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ಮುಂದೆ ನಮ್ಮವರೇ ಆದ ಜವರಾಯ, ಮರೀಗೌಡ ಅದನ್ನು ಬೆಳೆಸಿದರು. ಮರೀಗೌಡರ ಕಾಲಕ್ಕೆ ತೋಟಗಾರಿಕೆ ಲಾಲ್‌ಬಾಗಿನ ಗೇಟು ದಾಟಿ ಹಳ್ಳಿಯ ರೈತನ ಹೊಲಕ್ಕೆ ಹೋಯಿತು. ನಾವು ಹುಳಿಗೆ, ಪಲ್ಯಕ್ಕೆ ಹೆಚ್ಚಿಕೊಳ್ಳುವ ಸೀಮೆಬದನೆ ಬೆಂಗಳೂರಿಗೆ ಬಂದದ್ದು ಕ್ಯಾಮರಾನರ ಕಾಲದಲ್ಲಿ. ಅದರ ಹುಟ್ಟೂರು ಮೆಕ್ಸಿಕೊದ ಕಡೆ. ತಮಿಳು ನಾಡಿನವರು ಅದನ್ನು ‘ಬೆಂಗಳೂರು ಕತ್ತರಿಕ್ಕಾಯ್’ ಎನ್ನುತ್ತಾರೆ. ಕನ್ನಡ ಮಾತ್ರ ಹೊರಗಿನಿಂದ ಬಂದದ್ದಕ್ಕೆಲ್ಲ ‘ಸೀಮೆ’ ಎಂಬ ಗುರುತು ಹಚ್ಚಿತು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ. ಗುರುತು ಹಚ್ಚಿ ಹೊರಗಿಡಲಿಲ್ಲ, ಒಲೆಯ ಮೇಲಿಟ್ಟಿತು. ಪರದೇಶದಲ್ಲಿ ಬೇರು ಬಿಡುವ ಪ್ರಶ್ನೆಯನ್ನು ದಿನವೂ ಎದುರಿಸುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಕಬ್ಬನ್ ಪಾರ್ಕಿನಲ್ಲಿಯೂ ಸಿಂಗಪುರದ ರಸ್ತೆಗಳಲ್ಲಿಯೂ ಕೊಡೆ ಬಿಚ್ಚಿ ನಿಂತಿರುವ ಮಳೆಮರ ಎರಡೂ ಊರಿಗೆ ಹೊರಗಿನದು, ಅಮೆರಿಕ ಖಂಡದ್ದು. ಎರಡೂ ಊರಿನವರು ಅದನ್ನು ತಮ್ಮದೆಂದೇ ತಿಳಿದಿದ್ದಾರೆ.

ಇನ್ನು 2012ರಲ್ಲಿ ತೆರೆದ ‘ಗಾರ್ಡನ್ಸ್ ಬೈ ದ ಬೇ’. ಊರಿನಿಂದ ನೆಂಟರು ಬಂದರೆ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇವೆ. ಸಮುದ್ರ ತುಂಬಿ ಮಾಡಿದ ನೆಲದ ಮೇಲೆ ನೂರು ಹೆಕ್ಟೇರಿನಷ್ಟು ತೋಟ, 25ರಿಂದ 50 ಮೀಟರ್ ಎತ್ತರದ, ಉಕ್ಕು ಕಾಂಕ್ರೀಟಿನ 18 ‘ಸೂಪರ್‌ಟ್ರೀ’ಗಳು, ಎರಡು ದೊಡ್ಡ ಗಾಜಿನ ಮನೆಗಳು. ಗಾಜಿನ ಮನೆಗಳದೇ ಒಂದು ಸ್ವಾರಸ್ಯವಿದೆ. 1848ರಲ್ಲಿ ಮುಗಿದ ಕ್ಯೂನ ಪಾಮ್ ಹೌಸಿನಲ್ಲಿ ಚಳಿಯ ದೇಶದವರು ಬೆಂಕಿ ಹಾಕಿ ನಮ್ಮ ಕಡೆಯ ತಾಳೆ ಬಾಳೆಗಳನ್ನು ಬದುಕಿಸಿಕೊಂಡರು. ಸಿಂಗಪುರದ ಫ್ಲವರ್ ಡೋಮಿನಲ್ಲಿ ಸೆಕೆಯ ದೇಶದವರು ತಂಪು ಹಾಕಿ ಮೆಡಿಟರೇನಿಯನ್ ತೀರದ ಆಲಿವ್ ಮರಗಳನ್ನು ಬದುಕಿಸಿಕೊಂಡಿದ್ದಾರೆ. ಸಾಮ್ರಾಜ್ಯ ತನ್ನ ಕೈ ಎಲ್ಲಿಯವರೆಗೆ ಚಾಚಿದೆ ಎಂದು ಅಲ್ಲಿ ತೋರಿಸಿತು. ಶ್ರೀಮಂತವಾದ ಪುಟ್ಟ ದೇಶ ಇಲ್ಲಿ ಅದಕ್ಕೆ ಉತ್ತರ ಕೊಟ್ಟಿತು. ಇವೆರಡರ ನಡುವೆ, 1889ರಲ್ಲಿ ಅಡಿಗಲ್ಲು ಹಾಕಿಸಿಕೊಂಡ ಲಾಲ್‌ಬಾಗಿನ ಗಾಜಿನ ಮನೆಗೆ ಬಿಸಿಯೂ ಬೇಕಿರಲಿಲ್ಲ, ತಂಪೂ ಬೇಕಿರಲಿಲ್ಲ. ಬೆಂಗಳೂರಿನ ಹವೆಯೇ ಸಾಕಾಗಿತ್ತು. ಅದನ್ನು ಕಟ್ಟಿಸಿದ್ದು ಫಲಪುಷ್ಪ ಪ್ರದರ್ಶನಕ್ಕೆ, ಜನ ಸೇರಲಿಕ್ಕೆ. ಇಂದಿಗೂ ವರ್ಷಕ್ಕೆ ಎರಡು ಸಲ ಅಲ್ಲಿ ಜನ ಸೇರುತ್ತಾರೆ. ಮೂರರಲ್ಲಿ ಅದರ ಉದ್ದೇಶವೇ ಹೆಚ್ಚು ಸರಳವಾದದ್ದು ಎಂದು ನನಗೆ ಅನ್ನಿಸುತ್ತದೆ.

ಗಾರ್ಡನ್ಸ್ ಬೈ ದ ಬೇಯ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಅಲ್ಲಿ ನಗರದ ಮರಗಳಿಂದ ಸವರಿದ ಕೊಂಬೆಗಳನ್ನು ಉರಿಸಿ ತಂಪಿಗೆ ಬೇಕಾದ ಶಕ್ತಿಯ ಒಂದು ಪಾಲನ್ನು ಪಡೆಯುತ್ತಾರೆ. ಗಾಜಿನ ಮನೆಗಳಿಗೆ ಟಿಕೆಟ್ ಇದ್ದರೂ ಹೊರಗಿನ ತೋಟದ ಬಹುಭಾಗಕ್ಕೆ ಪ್ರವೇಶ ಉಚಿತ. ಆದರೂ ಅಲ್ಲಿ ನನಗೊಂದು ಕೊರತೆ ಕಾಣುತ್ತದೆ. ಅಲ್ಲಿ ಎಲೆ ಉದುರಿದ್ದು ಕಾಣುವುದಿಲ್ಲ. ಹೂವು ಬಾಡುವ ಮುಂಚೆ ಕುಂಡವೇ ಬದಲಾಗಿರುತ್ತದೆ. ಕಾಯುವುದು ಎಂಬುದೇ ಅಲ್ಲಿ ಇಲ್ಲ. ತೋಟದಲ್ಲಿ ನೆಟ್ಟವನಿಗೂ ಗಿಡಕ್ಕೂ ನಡುವೆ ಕಾಲ ಇರಬೇಕು. ಅದಿಲ್ಲದಿದ್ದರೆ ಉಳಿಯುವುದು ಪ್ರದರ್ಶನ.

ಪ್ರದರ್ಶನಕ್ಕೂ ಇಲ್ಲಿ ಇತಿಹಾಸವಿದೆ. 1967ರಲ್ಲಿ ಲೀ ಕ್ವಾನ್ ಯೂ ಸಿಂಗಪುರವನ್ನು ಉದ್ಯಾನ ನಗರ ಮಾಡುವ ಮಾತಾಡಿದರು. ಅಚ್ಚುಕಟ್ಟಾದ ಹುಲ್ಲು, ಗಿಡಮರಗಳನ್ನು ಕಂಡ ವಿದೇಶಿ ಉದ್ಯಮಿಗೆ, ಈ ದೇಶದ ಜನ ಶಿಸ್ತಿನವರು ಎಂದು ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತದೆ ಎಂಬ ವಿಚಾರವನ್ನು ಅವರು ತಮ್ಮ ಆತ್ಮಕಥನದಲ್ಲಿ ಮರೆಮಾಚದೆ ಬರೆದಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮರ ಇಲ್ಲಿ ಕೀರ್ತಿಮೌಲ್ಯದ ಬಾಬ್ತು. ಆದರೆ ಬಂಡವಾಳಿಗನಿಗೆಂದು ನೆಟ್ಟ ಮರದ ನೆರಳಿನಲ್ಲಿ ಬಸ್ಸಿಗೆ ಕಾದು ನಿಲ್ಲುವುದು ಮನೆಗೆಲಸಕ್ಕೆ ಬಂದ ಹೆಂಗಸು, ಕಟ್ಟಡದ ಕೆಲಸಕ್ಕೆ ಬಂದ ಹುಡುಗ. ನೆರಳಿಗೆ ಉದ್ದೇಶ ಗೊತ್ತಾಗುವುದಿಲ್ಲ.

ಹಾಗಾದರೆ ಉದ್ದೇಶವನ್ನೇ ಕೇಳಬಾರದೆ? ಕೇಳಬೇಕು. ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ಊರಿನಲ್ಲಿ ನಮ್ಮ ಮನೆಯ ಪಾಲುಪಟ್ಟಿಯ ಸಮಯದಲ್ಲಿ ಕಂಡೆ. ಬೆಲೆ ಕಟ್ಟಲು ಬಂದವರ ವರದಿಯಲ್ಲಿ ಮನೆಗೆ ಒಂದು ದರ, ಅದರ ಹಿಂದಿನ ‘ಖಾಲಿ ಜಾಗ’ಕ್ಕೆ ಇನ್ನೊಂದು ದರ ಇತ್ತು. ಆ ಖಾಲಿ ಜಾಗದಲ್ಲಿ ಒಂದು ಹಲಸಿನ ಮರ, ಎರಡು ತೆಂಗು, ನುಗ್ಗೆ, ದಾಸವಾಳ, ಬಾವಿಕಟ್ಟೆಯ ಪಕ್ಕದಲ್ಲಿ ಒಂದೆಲಗ ಇದ್ದವು. ಬೀದಿಯವರೆಲ್ಲ ಕರಿಬೇವು ಕಿತ್ತುಕೊಂಡು ಹೋಗುತ್ತಿದ್ದದ್ದು ಅಲ್ಲಿಂದಲೇ. ವರದಿ ಬರೆದವರದು ತಪ್ಪೆಂದು ನಾನು ಹೇಳಲಾರೆ. ನನ್ನ ವೃತ್ತಿಯ ಕಣ್ಣೂ ಹಾಗೆಯೇ ನೋಡುತ್ತದೆ. ನಿವೇಶನ ಎಂದರೆ ಕಟ್ಟಬಹುದಾದ ಜಾಗ, ಕಟ್ಟದೆ ಉಳಿದದ್ದು ಖಾಲಿ. ಬೆಂಗಳೂರಿನಿಂದ ಹಿಡಿದು ಸಣ್ಣ ಊರುಗಳವರೆಗೆ ಹಿತ್ತಲುಗಳು ಕಣ್ಮರೆಯಾಗುತ್ತಿರುವುದು ಯಾರ ದುಷ್ಟತನದಿಂದಲೂ ಅಲ್ಲ, ಈ ಒಂದು ಪದದಿಂದ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದ್ದದ್ದೇ. ಈಗ ಅದು ಗಿಡವೂ ಅಲ್ಲ ಎನ್ನುವ ಮಟ್ಟಕ್ಕೆ ಬಂದಿದ್ದೇವೆ.

ಇದಕ್ಕೆ ಎದುರಾಗಿ ಇಡಬಹುದಾದದ್ದು ಸಿಂಗಪುರದ ಸರ್ಕಾರಿ ವಸತಿ ಕಟ್ಟಡಗಳ ಬುಡದಲ್ಲಿರುವ ಸಮುದಾಯ ತೋಟಗಳು. 2005ರಲ್ಲಿ ಶುರುವಾದ ಯೋಜನೆಯೊಂದರ ಅಡಿಯಲ್ಲಿ ಇವು ಊರೆಲ್ಲ ಹರಡಿವೆ. ಉದ್ಯಾನಗಳಲ್ಲಿ ಎರಡೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲದ ಮಣ್ಣಿನ ತೊಟ್ಟಿಯನ್ನು ಮೂರು ವರ್ಷದ ಮಟ್ಟಿಗೆ ಬಾಡಿಗೆಗೂ ಕೊಡುತ್ತಾರೆ. ಚೀನೀ ಅಜ್ಜನ ಲೆಮನ್‌ಗ್ರಾಸ್, ಮಲಯ ಅಜ್ಜಿಯ ಪಾಂಡನ್ ಎಲೆ, ನಮ್ಮವರ ದೊಡ್ಡಪತ್ರೆ ಅಕ್ಕಪಕ್ಕದಲ್ಲಿ ಬೆಳೆಯುತ್ತವೆ. ಲೆಕ್ಕ ಹಾಕಿದರೆ ಇದು ನಷ್ಟದ ಬಾಬ್ತು. ಅದೇ ದುಡ್ಡಿಗೆ ಲಿಟ್ಲ್ ಇಂಡಿಯಾದ ಅಂಗಡಿಯಲ್ಲಿ ಇದಕ್ಕಿಂತ ಹೆಚ್ಚು ಸೊಪ್ಪು ಸಿಗುತ್ತದೆ. ಆದರೂ ಜನ ಸರದಿಯಲ್ಲಿ ಕಾಯುತ್ತಾರೆ. ಅವರಿಗೆ ಬೇಕಾದದ್ದು ಸೊಪ್ಪಷ್ಟೇ ಅಲ್ಲ. ಬೆಳಗ್ಗೆ ಎದ್ದು ನೋಡಬೇಕಾದದ್ದು ಒಂದಿದೆ, ತಾನು ಹೋಗದಿದ್ದರೆ ಅದು ಒಣಗುತ್ತದೆ ಎಂಬ ಭಾವ. ಬಾಡಿಗೆ ಮನೆಯ, ವೀಸಾದ ಅವಧಿಯ ಬದುಕಿನಲ್ಲಿ ಹೀಗೆ ನಮ್ಮನ್ನು ಒಂದು ಜಾಗಕ್ಕೆ ಕಟ್ಟಿಹಾಕುವುದು ಬೇರೆ ಯಾವುದೂ ಇಲ್ಲ.

ತೋಟವನ್ನು ಅಳೆಯಲು ನನಗೆ ತೋಚುವ ಪ್ರಶ್ನೆಗಳು ಮೂರು. ಅದನ್ನು ನೋಡಿಕೊಳ್ಳುವವರು ಯಾರು? ಅದರ ಒಡೆಯನಲ್ಲದವನಿಗೆ ಅಲ್ಲಿ ಏನು ಸಿಗುತ್ತದೆ? ಅದು ನಮ್ಮನ್ನು ಕಾಯುವಂತೆ ಮಾಡುತ್ತದೆಯೆ? ಬೊಟಾನಿಕ್ ಗಾರ್ಡನ್ಸ್ ಎರಡನೆಯ ಪ್ರಶ್ನೆಗೆ ತಡವಾಗಿಯಾದರೂ ಒಳ್ಳೆಯ ಉತ್ತರ ಕೊಟ್ಟಿದೆ. ಗಾರ್ಡನ್ಸ್ ಬೈ ದ ಬೇ ಮೂರನೆಯದರಲ್ಲಿ ಸೋಲುತ್ತದೆ. ಖಾಲಿ ಜಾಗ ಎನಿಸಿಕೊಂಡ ಹಿತ್ತಲು ಮೂರರಲ್ಲಿಯೂ ಗೆಲ್ಲುತ್ತದೆ.

ಎರಡನೆಯ ಪ್ರಶ್ನೆಯನ್ನು ಕನ್ನಡದಲ್ಲಿ ಸಾವಿರ ವರ್ಷದ ಹಿಂದೆಯೇ ಪಂಪ ಎತ್ತಿದ್ದಾನೆ. ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ, ಇಂದಿನ ತೆಲಂಗಾಣದ ನೆಲದಲ್ಲಿ ಕುಳಿತು ವಿಕ್ರಮಾರ್ಜುನ ವಿಜಯ ಬರೆದ ಕವಿ ನೆನೆದದ್ದು ಬನವಾಸಿಯನ್ನು. ಆ ಪದ್ಯಗಳನ್ನು ನಾವು ರಾಜ್ಯೋತ್ಸವದ ವೇದಿಕೆಗಳಲ್ಲಿ ನಾಡಪ್ರೇಮದ ಘೋಷಣೆಯಾಗಿ ಎಷ್ಟು ಸಲ ಹೇಳಿದ್ದೇವೆಂದರೆ, ಅಲ್ಲಿ ಬೇಡಿಕೊಂಡದ್ದೇನು ಎಂಬುದು ಕಿವಿಗೆ ಬೀಳದಂತಾಗಿದೆ. ಬನವಾಸಿಯ ಅರಸನಾಗಿ ಹುಟ್ಟಬೇಕೆಂದಾಗಲಿ, ಅಲ್ಲೊಂದು ತೋಟ ತನಗಿರಲೆಂದಾಗಲಿ ಅಲ್ಲಿನ ಆಸೆಯಲ್ಲ. ಅಲ್ಲಿನ ನಂದನವನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಿದರೆ ಸಾಕು ಎನ್ನುತ್ತದೆ ಆ ಪದ್ಯ. ದುಂಬಿಯ ಹೆಸರಿನಲ್ಲಿ ಯಾವ ಪಹಣಿಯೂ ಇಲ್ಲ. ಅದು ಬರುತ್ತದೆ, ತನಗೆ ಬೇಕಾದಷ್ಟು ಕುಡಿಯುತ್ತದೆ, ಹೋಗುವಾಗ ಕಾಲಿಗೆ ಅಂಟಿದ ಪರಾಗವನ್ನು ಇನ್ನೊಂದು ಹೂವಿಗೆ ದಾಟಿಸುತ್ತದೆ. ಊರಿನಲ್ಲಿ ನಿವೇಶನ ಕೊಂಡಿಡುವುದೇ ಊರಿನ ನಂಟು ಎಂದು ತಿಳಿದಿರುವ ನಾವು, ಹೊರನಾಡಿನ ಕನ್ನಡಿಗರು, ಆ ಪದ್ಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿಕೊಳ್ಳುವುದು ಒಳ್ಳೆಯದು.