ಕೆಂಪು ಹುಳುವಿನ ನಕಲು

ಕೊಕ್ಕೆಯ ಮೇಲೆ ಕೀಟದ ನಕಲು, ಅಂದರೆ ಕೃತಕ ಫ್ಲೈ ಕಟ್ಟಿ ಮೀನು ಹಿಡಿಯುವವರ ಲೋಕದಲ್ಲಿ ಸ್ಯಾನ್ ಹುವಾನ್ ವರ್ಮ್‌ನಷ್ಟು ಬೈಸಿಕೊಂಡ ಫ್ಲೈಗಳು ಕಡಿಮೆ. ಮಖಮಲ್ಲಿನಂಥ ಕೆಂಪು ಶೆನಿಲ್ ದಾರದ ಒಂದು ತುಂಡನ್ನು ಕೊಕ್ಕೆಯ ನಡುವಿಗೆ ನೂಲಿನಿಂದ ಬಿಗಿದು, ಎರಡೂ ತುದಿಗೆ ಬೆಂಕಿಯ ಬಿಸಿ ತಾಗಿಸಿ ಮೊನೆ ಮಾಡಿದರೆ ಆಯಿತು. ಗರಿಯಿಲ್ಲ, ರೆಕ್ಕೆಯಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 1962ರಲ್ಲಿ ಮುಗಿದ ನವಾಹೊ ಅಣೆಕಟ್ಟಿನ ಕೆಳಗೆ ಹರಿಯುವ ಸ್ಯಾನ್ ಹುವಾನ್ ನದಿ ಇದರ ತವರು. ಅಲ್ಲಿನ ಹೂಳಿನಲ್ಲಿ ಹುಳು ಹೇರಳ. ಟ್ರೌಟ್‌ಗಳಿಗೆ ಅದೂ ಊಟ. ಆದರೂ ಮಡಿವಂತರು ಇದನ್ನು ಫ್ಲೈ ಎಂದು ಪಂಕ್ತಿಯಲ್ಲಿ ಕೂರಿಸಲು ಒಪ್ಪುವುದಿಲ್ಲ. ಎರೆಹುಳ ಚುಚ್ಚಿ ಕೂತವನಿಗೂ ಇದನ್ನು ಕಟ್ಟಿ ಎಸೆದವನಿಗೂ ಏನು ವ್ಯತ್ಯಾಸ ಎಂಬುದು ಅವರ ವಾದ.

ಮಹಾರಾಷ್ಟ್ರದ ಸಾಂಗ್ಲಿಯಲ್ಲಿ ಕೃಷ್ಣೆಯ ದಡದಲ್ಲಿ ನಿಂತು ಕೇಳಿದರೆ ಈ ವಾದ ತಮಾಷೆಯೆನಿಸುತ್ತದೆ. ಇಲ್ಲಿ ಗಾಳ ಹಾಕುವವರ ಡಬ್ಬಿಯಲ್ಲಿರುವುದು ಎರೆಹುಳ, ಇಲ್ಲವೆ ನಾದಿದ ಕಣಕ. ಮಡಿಯ ಮಾತು ಯಾರಿಗೂ ಬೇಕಿಲ್ಲ. ನನ್ನ ತಕರಾರು ಬೇರೆಯೇ: ಕೆಸರಿನ ಹುಳುವಿನ ನಕಲು ಎಂದು ಹೆಸರು ಪಡೆದ ಈ ಫ್ಲೈ, ಆ ಹುಳುವನ್ನು ನೆಟ್ಟಗೆ ನೋಡಿ ಕಟ್ಟಿದ್ದಲ್ಲ.

ಟ್ಯೂಬಿಫೆಕ್ಸ್ ಬಳಗದ ಈ ಕೆಸರಿನ ಹುಳು ಬದುಕುವುದು ತಲೆಕೆಳಗಾಗಿ. ತಲೆಯನ್ನು ಕೆಸರಿನ ಕೊಳವೆಯಲ್ಲಿ ಹೂತು, ಬಾಲವನ್ನು ಮಾತ್ರ ನೀರಿಗೆ ಬಿಟ್ಟು ಆಡಿಸುತ್ತಿರುತ್ತದೆ. ಉಸಿರಾಟ ಬಾಲದ ಕಡೆಯಿಂದ. ನೀರಿನಲ್ಲಿ ಆಮ್ಲಜನಕ ಇಳಿದಷ್ಟೂ ಬಾಲ ಇನ್ನಷ್ಟು ಹೊರಚಾಚಿ ಬಳುಕುತ್ತದೆ. ಮೈಯ ಕೆಂಪು ಹಿಮೊಗ್ಲೋಬಿನ್‌ ಬಗೆಯ ವರ್ಣದ್ರವ್ಯದ್ದು. ಬೇರೆ ಜೀವಿಗಳು ಉಸಿರುಗಟ್ಟುವ ಕಡೆ ಇದು ತಾಳಿಕೊಳ್ಳುವುದು ಅದರ ಬಲದಿಂದಲೂ ಹೌದು. ಇದರ ನೆಂಟ ಬ್ರಾಂಕಿಯುರಾ ಸೋವರ್ಬಿಗಂತೂ ಬಾಲದ ಮೇಲೆಯೇ ಕಿವಿರಿನ ಎಳೆಗಳು. ಏಷ್ಯಾದ್ದೆಂದು ನಂಬಲಾದ ಈ ಹುಳುವನ್ನು 1892ರಲ್ಲಿ ಮೊದಲು ವರ್ಣಿಸಿದ್ದು ಲಂಡನ್ನಿನ ನೈದಿಲೆ ತೊಟ್ಟಿಯೊಂದರಲ್ಲಿ ಸಿಕ್ಕಾಗ! ಅಕ್ವೇರಿಯಂ ಅಂಗಡಿಯವರು ಮಾರುವ ‘ರಕ್ತಹುಳು’ ಮಾತ್ರ ಈ ಕುಲದ್ದಲ್ಲ. ಅದು ಕಚ್ಚದ ಸೊಳ್ಳೆಯಂಥ ಕೀಟದ ಮರಿ.

ಅಂದರೆ ತಳದಲ್ಲಿ ಮೇಯುವ ಗೆಂಡೆ ಮೀನಿಗೆ ಎದುರಾಗುವುದು ಇಡೀ ಹುಳುವಲ್ಲ, ನಿಂತಲ್ಲೇ ಬಳುಕುವ ಬಾಲಗಳ ಹಿಂಡು. ಕೊಕ್ಕೆಯ ಎರಡೂ ಬದಿಗೆ ಸಮನಾಗಿ ಸೆಟೆದ ದಾರ ಅದನ್ನು ಹೇಗೆ ಹೋಲೀತು? ಮಿರಜಿನಲ್ಲಿ ತಂಬೂರಿ ಕಟ್ಟುವವರು ಜವಾರಿ, ಅಂದರೆ ತಂತಿಯ ಝೇಂಕಾರ, ಹದ ಮಾಡುವಾಗ ತಂತಿ ಕೂರುವ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ನೂಲನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾರೆ. ನೂಲು ನಿಂತ ಜಾಗದ ಮೇಲೆ ನಾದ ಬಿಚ್ಚಿಕೊಳ್ಳುತ್ತದೆ. ಫ್ಲೈ ಕಟ್ಟುವವನೂ ಗಂಟನ್ನು ನಡುವಿನಿಂದ ಕೊಕ್ಕೆಯ ಕಣ್ಣಿನ ಕಡೆಗೆ ಸರಿಸಿ, ಹಿಂದೆ ಸಡಿಲವಾದ ತೆಳು ಎಳೆಗಳನ್ನು ಬಿಟ್ಟರೆ ನಿಂತ ನೀರಿನಲ್ಲೂ ಅವು ಅಲುಗಿಯಾವು. ಈಚಿನ ರಬ್ಬರಿನಂಥ ‘ಸ್ಕ್ವರ್ಮಿ’ ಎಳೆ ಈ ಕೆಲಸಕ್ಕೆ ಶೆನಿಲ್‌ಗಿಂತ ವಾಸಿ, ಆದರೆ ನೂಲು ತುಸು ಬಿಗಿಯಾದರೂ ಕತ್ತರಿಸಿ ಹೋಗುತ್ತದೆ. ಇಷ್ಟಾದರೂ ವಾಸನೆ ತರುವುದು ಯಾವ ದಾರಕ್ಕೂ ಆಗದು. ಕದಡಿದ ನೀರಿನಲ್ಲಿ ಮೂಗು, ಮೀಸೆ ನಂಬಿ ಬೇಟೆಯಾಡುವ ಬೆಕ್ಕುಮೀನು, ಮೂಗನ್ನೇ ನಂಬುವ ಹಾವುಮೀನುಗಳ ಮುಂದೆ ಎರೆಹುಳ ಚುಚ್ಚಿದವನೇ ಗೆಲ್ಲುತ್ತಾನೆ.

ಹಳೆಯ ನಮೂನೆ ನಿಜವಾಗಿ ಒಪ್ಪುವ ಹೊತ್ತೊಂದಿದೆ: ಮುಂಗಾರಿನ ಮೊದಲ ಹೊಸ ನೀರು. ಆಗ ಕಬ್ಬಿನ ಗದ್ದೆ, ಹೊಳೆದಂಡೆಯ ಮಳಿ ಜಮೀನುಗಳ ಎರೆಹುಳಗಳು ಕೊಚ್ಚಿಕೊಂಡು ಹೊಳೆಗೆ ಬೀಳುತ್ತವೆ. ಇಡೀ ಮೈ ಚಾಚಿ ನೀರಿನೊಡನೆ ಸಾಗುತ್ತವೆ. ಆ ಹುಳುವಿಗೆ ಸ್ಯಾನ್ ಹುವಾನ್ ಬಹಳ ಹತ್ತಿರದ ನಕಲು. ಆದರೆ ಗಾಳದವನಿಗೆ ಸಿಗುವ ದಿನಗಳು ಕೆಲವೇ. ಆಮೇಲೆ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಐರ್ವಿನ್ ಸೇತುವೆಯ ಬಳಿ ನೀರು 57 ಅಡಿ ದಾಟಿತ್ತು. ಅಂಥ ಹೊಳೆಯಲ್ಲಿ ಫ್ಲೈ ಎಸೆಯುವ ಮಾತೇ ಇಲ್ಲ.

ಇನ್ನು ಉಳಿದ ಕಾಲದಲ್ಲಿ ಕೆಸರಿನ ಕೆಂಪು ಹುಳುವಿಗೆ ಮೆಚ್ಚಿನ ನೆಲೆ ಎಂಥದು? ಊರಿನ ಕೊಳಚೆ ಹೊಳೆಗೆ ಬೀಳುವ ಜಾಗ. ಸಾಂಗ್ಲಿಯಲ್ಲಿ ಶೇರಿ ನಾಲಾ ಕೃಷ್ಣೆಗೆ ತಂದು ಸುರಿಯುವುದು ಇಂಥ ಕೊಳಚೆಯನ್ನೇ. ಕೊಳೆತ ಸಾವಯವ ಹೂಳು ಹೆಚ್ಚಿ ಉಳಿದ ಜೀವಿಗಳು ಕಾಲ್ತೆಗೆದಾಗ ಈ ಬಳಗ ದಟ್ಟೈಸುತ್ತದೆ. ಹೊಳೆಯ ಮಾಲಿನ್ಯ ಅಳೆಯುವವರು ತಳದ ಕೆಸರು ತೆಗೆದು ಇವನ್ನು ಎಣಿಸುವುದು ಅದಕ್ಕೇ. ಮೀನಿಗೆ ಇದು ಪುಷ್ಕಳ ಪ್ರೋಟೀನಿನ ಊಟ, ನಿಜ. ಆದರೆ ಕೊಳಚೆಯ ಹೂಳನ್ನೇ ತಿನ್ನುವ ಹುಳುವಿನ ಮೈಗೆ ಅಲ್ಲಿನ ಭಾರಲೋಹಗಳೂ ಸೇರಬಲ್ಲವು, ಅಲ್ಲಿಂದ ಮೀನಿಗೂ ದಾಟಬಲ್ಲವು. ಹುಳು ಸಮೃದ್ಧವಾಗಿದೆ, ಆದ್ದರಿಂದ ಹೊಳೆ ಮೀನಿಗೆ ಸಮೃದ್ಧ ಎನ್ನುವ ಗಾಳದವರ ಲೆಕ್ಕವನ್ನು ನಾನು ಒಪ್ಪದಿರುವುದು ಇಲ್ಲಿಯೇ.

ಇದೇ ನೀರು ವಾರಣಾ, ಪಂಚಗಂಗೆಯರನ್ನು ಕೂಡಿಕೊಂಡು, ರಾಜಾಪುರದ ಬಂಧಾರೆ ದಾಟಿ ಕರ್ನಾಟಕಕ್ಕೆ ಇಳಿಯುತ್ತದೆ. ಶೇರಿ ನಾಲಾದ ಬಾಯಲ್ಲಿ ಕೆಂಪು ಹುಳುವಿನ ಹಿಂಡು ತೆಳುವಾಗಿ, ಗಾಳದವರು ಬೇರೆ ಕೀಟಗಳ ಫ್ಲೈ ಕಟ್ಟಬೇಕಾಗಿ ಬಂದರೆ ಹೊಳೆಯ ಕೆಳಗಿನ ಕುಡಚಿ, ಉಗಾರದವರಿಗೆ ಅದರಲ್ಲಿ ನಷ್ಟವೇನೂ ಇಲ್ಲ.