ಕೋಪಕ್ಕೆ ಕೇಳಬೇಕಾದ ಪ್ರಶ್ನೆಗಳು

ಮೈತ್ರಿ ಧ್ಯಾನಕ್ಕೆ ಕೂರುವ ಬಹಳಷ್ಟು ಮಂದಿ ಒಂದೇ ಕಡೆ ಎಡವುತ್ತಾರೆ. ಎಲ್ಲರೂ ಸುಖವಾಗಿರಲಿ ಎಂದು ಹಾರೈಸುತ್ತಿರುವಾಗಲೇ ಅವಮಾನ ಮಾಡಿದವನ ಮುಖ ಎದುರಿಗೆ ಬರುತ್ತದೆ, ಹಾರೈಕೆ ಅಲ್ಲೇ ಬತ್ತಿಹೋಗುತ್ತದೆ. ಇದೆಲ್ಲ ನನ್ನಂಥವರಿಗಲ್ಲ ಎಂದು ಎದ್ದುಬಿಡುತ್ತಾರೆ. ಅಂಥವರಿಗೆ ನಾನು ತೋರಿಸುವುದು 'ವಿಸುದ್ಧಿಮಗ್ಗ'ದ ಒಂಬತ್ತನೆಯ ಅಧ್ಯಾಯವನ್ನು. ಕ್ರಿ.ಶ. 5ನೆಯ ಶತಮಾನದಲ್ಲಿ ಶ್ರೀಲಂಕೆಯ ಅನುರಾಧಪುರದ ಮಹಾವಿಹಾರದಲ್ಲಿ ಆಚಾರ್ಯ ಬುದ್ಧಘೋಷ ಪಾಳಿಯಲ್ಲಿ ಬರೆದ ಗ್ರಂಥವಿದು.

ಬುದ್ಧಘೋಷ ಮೊದಲು ಹೇಳುವುದೇ ಹಗೆಯಿಂದ ಆರಂಭಿಸಬೇಡ ಎಂದು. ಮೈತ್ರಿ ಮೊದಲು ತನಗೆ, ಆಮೇಲೆ ಗೌರವಿಸುವ ಗುರುವಿಗೆ, ಪ್ರೀತಿಯ ಗೆಳೆಯನಿಗೆ, ನಂಟೂ ಇಲ್ಲದ ಹಗೆಯೂ ಇಲ್ಲದವನಿಗೆ. ಹಗೆಯ ಸರದಿ ಕೊನೆಯದು. ಅಲ್ಲಿಗೆ ಬಂದಾಗ ಸಿಟ್ಟು ಕೆರಳಿದರೆ ಹಿಂದಕ್ಕೆ ಹೋಗಿ, ಮನಸ್ಸನ್ನು ಮೆದು ಮಾಡಿಕೊಂಡು ಮತ್ತೆ ಬರಬೇಕು.

ಅಷ್ಟಾದರೂ ಸಿಟ್ಟು ಇಳಿಯದಿದ್ದರೆ? ಈ ಅಧ್ಯಾಯದ ದೊಡ್ಡತನ ಕಾಣುವುದು ಇಲ್ಲಿ. ಉಪಾಯಗಳು ಒಂದರ ಹಿಂದೊಂದು ಬರುತ್ತವೆ. ಒಂದು ಸೋತರೆ ಇನ್ನೊಂದು ಸಿದ್ಧವಾಗಿರುತ್ತದೆ. ಸಾಧಕ ಸೋಲುತ್ತಾನೆಂದು ಆಚಾರ್ಯರಿಗೆ ಗೊತ್ತು, ಅದಕ್ಕಾಗಿ ಅವನನ್ನು ಹೀನವಾಗಿ ಕಾಣುವುದಿಲ್ಲ.

ಆ ಮನುಷ್ಯನ ಮಾತು ಒರಟಾಗಿದ್ದರೂ ನಡತೆ ಶುದ್ಧವಾಗಿದೆಯೇ? ಹಾಗಿದ್ದರೆ ನಡತೆಯನ್ನಷ್ಟೇ ನೋಡು. ಒಳ್ಳೆಯದೇನೂ ಕಾಣದಿದ್ದರೆ ಅವನ ಮುಂದಿನ ಗತಿಯನ್ನು ನೆನೆದು ಕರುಣೆ ತಾಳು. ಅದೂ ಆಗದಿದ್ದರೆ ನಿನ್ನನ್ನೇ ಕೇಳಿಕೋ: ಅವನು ನೋಯಿಸಿದ್ದು ತನ್ನ ಕೈಗೆ ಎಟಕುವ ನಿನ್ನ ಮೈಯನ್ನು, ಎಟಕದ ಮನಸ್ಸನ್ನು ನೀನೇ ಏಕೆ ನೋಯಿಸಿಕೊಳ್ಳುತ್ತೀ? ಎಸೆಯಲೆಂದು ಕೆಂಡ ಎತ್ತಿಕೊಂಡವನ ಕೈಯೇ ಮೊದಲು ಸುಡುವುದಲ್ಲವೇ? ಆ ತಪ್ಪು ಮಾಡಿದ ಕ್ಷಣದ ದೇಹವೂ ಮನಸ್ಸೂ ಆಗಲೇ ಅಳಿದುಹೋಗಿವೆ, ಈಗ ಸಿಟ್ಟು ಯಾರ ಮೇಲೆ? ಅವನ ಕೂದಲಿನ ಮೇಲೋ, ಉಗುರಿನ ಮೇಲೋ, ಮೈಯೊಳಗಿನ ನೀರಿನ ಮೇಲೋ?

ಮೊದಲ ಓದಿಗೆ ಇದು ತರ್ಕದ ಆಟದಂತೆ ತೋರಬಹುದು. ಸಿಟ್ಟು ಬಂದಾಗ ಕೇಳಿಕೊಂಡು ನೋಡಿ. 'ಅವನೇ ಅಂಥವನು' ಎಂಬ ಒಂದೇ ಮಾತಿನ ಮೇಲೆ ಕೋಪ ನಿಂತಿರುತ್ತದೆ. ಈ ಪ್ರಶ್ನೆಗಳು 'ಅವನು' ಎಂಬುದನ್ನು ಬಿಡಿಬಿಡಿಯಾಗಿ ತೋರಿಸುತ್ತವೆ, ಕೋಪಕ್ಕೆ ಕಾಲೂರಲು ಜಾಗ ಸಿಗದಂತಾಗುತ್ತದೆ. ಸಿಟ್ಟನ್ನು ನುಂಗಿಕೊಂಡರೆ ಅದು ಒಳಗೇ ಉಳಿಯುತ್ತದೆ. ವಿಚಾರಿಸಿದರೆ ಕರಗುತ್ತದೆ.

8ನೆಯ ಶತಮಾನದಲ್ಲಿ ನಳಂದದ ಶಾಂತಿದೇವ 'ಬೋಧಿಚರ್ಯಾವತಾರ'ದ ಆರನೆಯ ಅಧ್ಯಾಯದಲ್ಲಿ ಇದೇ ವಿಚಾರವನ್ನು ಇನ್ನಷ್ಟು ಹರಿತಗೊಳಿಸಿದ. ಏಟು ಕೊಟ್ಟದ್ದು ಕೋಲು, ಆದರೆ ನಾವು ಸಿಟ್ಟಾಗುವುದು ಕೋಲನ್ನು ಬೀಸಿದವನ ಮೇಲೆ. ಅವನನ್ನು ಬೀಸುವಂತೆ ಮಾಡಿದ್ದು ದ್ವೇಷ. ಹಾಗಾದರೆ ದ್ವೇಷಿಸಬೇಕಾದದ್ದು ದ್ವೇಷವನ್ನೇ ಅಲ್ಲವೇ ಎಂದು ಅವನ ವಾದ. ಆ ಜಾಣ್ಮೆಗೆ ನಾನು ತಲೆದೂಗುತ್ತೇನೆ. ಆದರೂ ನನಗೆ ಬುದ್ಧಘೋಷರೇ ಹೆಚ್ಚು ಹತ್ತಿರ. ಅವರು ಹೇಳುವ ಕೊನೆಯ ಉಪಾಯವೇ ಅದಕ್ಕೆ ಕಾರಣ.

ಎಲ್ಲ ವಿಚಾರಗಳೂ ಸೋತವನಿಗೆ ಅವರು ಇನ್ನೊಂದು ವಿಚಾರವನ್ನು ಹೇಳುವುದಿಲ್ಲ. ಸಿಟ್ಟು ಬರಿಸಿದವನಿಗೇ ಏನಾದರೂ ಕೊಡು, ಅವನು ಕೊಟ್ಟದ್ದನ್ನು ತೆಗೆದುಕೋ ಎನ್ನುತ್ತಾರೆ. ಚಿತ್ತಲಪಬ್ಬತ ವಿಹಾರದಲ್ಲಿ ಹಿರಿಯ ಥೇರರೊಬ್ಬರು ಭಿಕ್ಷೆಯಿಂದ ಜೀವಿಸುವ ಒಬ್ಬ ಭಿಕ್ಷುವನ್ನು ಅವನ ವಸತಿಯಿಂದ ಮೂರು ಸಲ ಎಬ್ಬಿಸಿದ್ದರಂತೆ. ಆ ಭಿಕ್ಷು ಎಂಟು ಕಹಾಪಣ ಬೆಲೆಯ ತನ್ನ ಪಾತ್ರೆಯನ್ನು ಅವರ ಕೈಗಿತ್ತ. ಇದು ಉಪಾಸಿಕೆಯಾದ ನನ್ನ ತಾಯಿ ಕೊಟ್ಟದ್ದು, ಧರ್ಮದಿಂದ ಬಂದದ್ದು, ಅವಳಿಗೆ ಪುಣ್ಯ ಸಿಗುವಂತೆ ಮಾಡಿ ಎಂದು ಕೇಳಿಕೊಂಡ. ಹೀಗೆ ಕೊಟ್ಟಾಗ ಕೊಟ್ಟವನ ಕೋಪವೂ ಪಡೆದವನ ಕೋಪವೂ ಆ ಕ್ಷಣದಲ್ಲೇ ಇಳಿಯುತ್ತವೆ ಎನ್ನುತ್ತಾರೆ ಬುದ್ಧಘೋಷ.

ಇದನ್ನು ಅನ್ಯಾಯಕ್ಕೆ ತಲೆಬಾಗುವುದು ಎಂದು ಓದಬಾರದು. ತಪ್ಪನ್ನು ತಪ್ಪೆಂದು ಹೇಳುವುದಕ್ಕೆ ಮನಸ್ಸು ಉರಿಯಬೇಕಾಗಿಲ್ಲ. ತಿಳಿಯಾದ ಮನಸ್ಸಿನಿಂದ ಹೇಳಿದ ಮಾತು ಹೆಚ್ಚು ನಾಟುತ್ತದೆ.

ಅಭ್ಯಾಸಕ್ಕೆ ಬದುಕಿನ ಅತಿ ದೊಡ್ಡ ಗಾಯವನ್ನು ಆರಿಸಿಕೊಳ್ಳಬೇಡಿ. ಬಸ್ಸಿನಲ್ಲೋ ಕಚೇರಿಯಲ್ಲೋ ಹುಟ್ಟಿದ ಸಣ್ಣ ಸಿಟ್ಟೊಂದನ್ನು ಸಂಜೆ ಎದುರಿಗಿಟ್ಟುಕೊಂಡು, ಮೇಲಿನ ಪ್ರಶ್ನೆಗಳಲ್ಲಿ ಒಂದನ್ನು ಪ್ರಾಮಾಣಿಕವಾಗಿ ಕೇಳಿ. ಸಿಟ್ಟು ಜಗ್ಗದಿದ್ದರೆ ಮುಂದಿನ ಪ್ರಶ್ನೆಯನ್ನು ಕೇಳಿ. ಯಾವುದೂ ನಡೆಯದಿದ್ದರೆ ವಿಚಾರವನ್ನು ಅಲ್ಲಿಗೇ ನಿಲ್ಲಿಸಿ, ಮರುದಿನ ಆ ವ್ಯಕ್ತಿಗೆ ಕೊಡಲು ಏನಿದೆ ಎಂದು ಹುಡುಕಿ.